ಗೃಹಶುದ್ಧಿ ಮತ್ತು ವಸ್ತುವಿವೇಕ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದ ಸಭೆಯಲ್ಲಿ ಧರ್ಮ, ಸಾಹಿತ್ಯ, ವಿದ್ಯಾಭ್ಯಾಸ ಮೊದಲಾದ ಘನವಿಷಯಗಳನ್ನು ಕುರಿತು ವಿದ್ವಜ್ಜನರು ಮಾತನಾಡಿರುವರು. ಇಂದು ನಾನು ತಮ್ಮ ಮುಂದೆ ಇಡಲಿರುವ ವಿಷಯವು ಆ ಪಂಕ್ತಿಯಲ್ಲಿ ಕೂಡ್ರತಕ್ಕದ್ದೋ ಅಲ್ಲವೋ ಎಂದು ಕೆಲವರಿಗೆ ಸಂಶಯ ಬರಬಹುದು. ನಾವು ವಾಸಿಸುವ ಮನೆಯಲ್ಲಿ ಕೂಡಿಬಿದ್ದಿರುವ ವಸ್ತುಗಳಲ್ಲಿ ಯಾವದನ್ನು ಇಟ್ಟುಕೊಳ್ಳಬೇಕು, ಎಲ್ಲಿ ಇಡಬೇಕು, ಯಾವದನ್ನು ಬಿಡಬೇಕು ಎಂಬುದೇ ಆ ವಿಷಯವು. ಮನೆಯ ಅಟ್ಟದ ಮಾತನ್ನು ಮಠದ ಅಟ್ಟಣೆಯ ಮೇಲೆ ಆಡುವದೇಕೆ ಎಂದು ಕೇಳಿದರೆ ನನ್ನ ಉತ್ತರವಿಷ್ಟೆ: ಈ ಕಾರ್ಯವು ಒಂದೇ ಮನೆಯವರಿಂದ ಪೂರ್ತಿಯಾಗತಕ್ಕದ್ದಲ್ಲ, ಹತ್ತು ಮನೆಗಳವರು ಕೂಡಿ ನಿಶ್ಚಯಿಸಿದರೆ ಆಗತಕ್ಕದ್ದು. ಹತ್ತು ಮನೆಗಳವರು ಕೂಡಿ ನಿಶ್ಚಯಿಸುವ ಸ್ಥಾನವು ನಮ್ಮಲ್ಲಿ ಹಿಂದಿನಿಂದಲೂ ಮಠವೇ ಆಗಿರುವದು. ಇದು ಹೇಗೆಂಬುದನ್ನು ಕ್ರಮವಾಗಿ ನಿವೇದಿಸುವೆನು.

ಮೊದಲು ನಮ್ಮ ಸೀಮೆಯ ಹಳೆಯ ಮನೆಯನ್ನು ಸ್ಮರಿಸೋಣ. ಕಲಬುರಗಿಯ ಹಳೆಯ ಓಣಿಗಳಲ್ಲಿ, ಕಮಲಾಪುರ, ಮಹಾಗಾಂವ ಮೊದಲಾದ ಊರುಗಳಲ್ಲಿ, ಅಂಥ ಮನೆಗಳು ಇನ್ನೂ ನಿಂತಿರುವವು. ನೆಲಕ್ಕೆ ಶಹಾಬಾದಿನ ಫರಸಿ, ಮೇಲೆ ಮಣ್ಣಿನ ಮಾಳಿಗೆ, ದಪ್ಪನಾದ ಗೋಡೆ. ಆ ಗೋಡೆಯಲ್ಲಿಯೇ ಮಾಡಗಳು, ಗೂಡುಗಳು. ದೀಪಕ್ಕೆ ಒಂದು ಮಾಡ, ವಿಭೂತಿಯ ಕರಡಿಗೆಗೆ ಒಂದು ಗೂಡು, ಹಾಲುಮೊಸರಿನ ಗಡಿಗೆಗಳಿಗೆ ಮೇಲಿನಿಂದ ತೂಗುಬಿಟ್ಟ ನೆಲವು, ಜೋಳಕ್ಕೆ ನೆಲದೊಳಗಿನ ಹಗೇವು, ಬೀಜದ ಕಾಳಿಗೆ ಕಣಜ, ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಪಾತ್ರೆಗಳಿಗೆ ಅಟ್ಟ. ಮನೆಯನ್ನು ಕಟ್ಟಿದ ಗೌಂಡಿಯು ವಸ್ತುವಿನ ಸ್ಥಾನವನ್ನು ಗೋಡೆ ಏಳುವಾಗಲೇ ಗೊತ್ತುಮಾಡುತ್ತಿದ್ದನು. ಆದುದರಿಂದ ಕತ್ತಲಲ್ಲಿಯೂ ಮನೆಯೊಡತಿಯ ಕೈಯು ಬೇಕಾದ ಪದಾರ್ಥದ ಮೇಲೆಯೇ ಬೀಳುತ್ತಿದ್ದಿತು.

ಸ್ಥಾನದಂತೆ ವಸ್ತುವಿಗೆ ಆಯುಷ್ಯವೂ ಗೊತ್ತಾಗಿತ್ತು. ಉಡಲಿಕ್ಕೆ ಬಾರದಷ್ಟು ಹಳೆಯದಾದ ಸೀರೆಯು ಕೌದಿಯಾಗುತ್ತಿತ್ತು. ಕೌದಿ ಹರಿದರೆ ನೆಲ ಒರಸುವ ಅರಿವೆಯಾಗುತ್ತಿತ್ತು. ಆ ಮೇಲೆ ದೀಪದ ಬತ್ತಿಯೋ ಒಲೆಯ ಹೊತ್ತುಕವೋ ಆಗಿ ಮುಗಿಯುತ್ತಿತ್ತು. ತಾಮ್ರದ ಕೊಡವು ತೂತಾದರೆ ಬೆಸುಗೆ, ಹಿತ್ತಾಳೆಯ ಪಾತ್ರೆಗೆ ವರ್ಷವರ್ಷ ಕಲಾಯಿ, ತೀರ ನುಗ್ಗಾದರೆ ತೂಕಕ್ಕೆ ಕೊಟ್ಟು ಹೊಸದು. ಕಸವೆಂಬುದು ತಿಪ್ಪೆಗೆ ಹೋಗಿ ಗೊಬ್ಬರವಾಗಿ ಹೊಲಕ್ಕೆ ತಿರುಗುತ್ತಿತ್ತು. ಮಹಾನವಮಿ ಬಂತೆಂದರೆ ಮನೆಯೊಳಗಿನ ಹಾಸಿಗೆ ಹೊದಿಕೆಗಳನ್ನೆಲ್ಲ ಹೊರಗೆ ಹಾಕಿ, ಹಳ್ಳಕ್ಕೋ ಬಾವಿಗೋ ಒಯ್ದು ಒಗೆದು, ಮನೆಗೆ ಸುಣ್ಣ ಬಳಿದು, ಪಾತ್ರೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಪುನಃ ಸಾಲುಗೊಳಿಸುವ ಪದ್ಧತಿಯು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾದದ್ದಲ್ಲ. ಈ ಪದ್ಧತಿಯ ಗುಣವೇನೆಂದರೆ, ವರ್ಷಕ್ಕೊಮ್ಮೆಯಾದರೂ ಮನೆಯ ಪ್ರತಿಯೊಂದು ವಸ್ತುವು ಮನುಷ್ಯನ ಕಣ್ಣಿಗೂ ಸೂರ್ಯನ ಬಿಸಿಲಿಗೂ ಬೀಳುತ್ತಿದ್ದಿತು.

ನಮ್ಮ ಹಿರಿಯರು ಕೂಡಿಡುತ್ತಿರಲಿಲ್ಲವೆಂದು ಇದರಿಂದ ತಿಳಿಯಬಾರದು. ಅವರು ಕೂಡಿಟ್ಟರು, ಕೂಡಿಡುವದಕ್ಕೆ ಅವರಿಗೆ ಕಾರಣವೂ ಇದ್ದಿತು. ಮಳೆಯನ್ನೇ ನಂಬಿದ ಈ ಸೀಮೆಯು ಬರಗಾಲದ ಸೀಮೆಯು. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವು ದಕ್ಷಿಣದ ಮನೆಗಳನ್ನು ಬರಿದುಮಾಡಿದ್ದಿತು. ೧೯೭೨ರ ಬರವನ್ನು ಕಂಡ ಹಿರಿಯರು ಈ ಸಭೆಯಲ್ಲಿಯೂ ಇರಬಹುದು. ಹಗ್ಗದ ತುಂಡನ್ನು, ಡಬ್ಬಿಯ ಮುಚ್ಚಳವನ್ನು, ಹರಿದ ಗೋಣಿಚೀಲವನ್ನು ಅಜ್ಜಿಯು ತೆಗೆದಿಡುವದನ್ನು ಕಂಡು ನಗುವ ಮೊಮ್ಮಕ್ಕಳು, ಆಕೆಯ ಕೈಗೆ ಆ ಅಭ್ಯಾಸವನ್ನು ಕಲಿಸಿದ್ದು ಹಸಿವೆಂಬುದನ್ನು ಮರೆಯಬಾರದು. ಇಲ್ಲದ ಕಾಲದಲ್ಲಿ ಕೂಡಿಡುವದು ವಿವೇಕವು. ಆದರೆ ಕಾಲವು ಬದಲಾದ ಮೇಲೂ ಅದೇ ಕೈ ಅದೇ ಕೆಲಸವನ್ನು ಮಾಡುತ್ತ ಹೋದರೆ ಆ ವಿವೇಕವೇ ಭಾರವಾಗುವದು.

ಕಾಲವು ಹೇಗೆ ಬದಲಾಯಿತೆಂಬುದನ್ನು ನೋಡಿರಿ. ೨೦೧೧ರ ಜನಗಣತಿಯ ಹೊತ್ತಿಗೆ ಕಲಬುರಗಿ ನಗರದ ಜನಸಂಖ್ಯೆಯು ಐದು ಲಕ್ಷವನ್ನು ದಾಟಿದ್ದಿತು. ಹಳ್ಳಿಯಲ್ಲಿ ಹತ್ತು ಖಣದ ಮನೆಯಿದ್ದವರು ನಗರದಲ್ಲಿ ಎರಡು ಕೋಣೆಗಳಲ್ಲಿ ಸಂಸಾರ ಹೂಡಿರುವರು. ಮನೆಯು ಕುಗ್ಗಿತು, ಸಾಮಾನು ಹಿಗ್ಗಿತು. ಹಿಂದೆ ಕುಂಬಾರನೋ ಕಂಚುಗಾರನೋ ದಿನಗಟ್ಟಲೆ ದುಡಿದು ಮಾಡುತ್ತಿದ್ದ ಪಾತ್ರೆಯನ್ನು ಯಂತ್ರವು ನಿಮಿಷದಲ್ಲಿ ಒತ್ತಿ ಕೊಡುತ್ತಿರುವದು. ಪ್ಲಾಸ್ಟಿಕ್ ಡಬ್ಬಿಯು ಒಳಗಿನ ಪದಾರ್ಥದೊಡನೆ ಪುಕ್ಕಟೆಯಾಗಿ ಮನೆಗೆ ಬರುವದು. ಮೊಬೈಲಿನ ಮೇಲೆ ಬೆರಳಿಟ್ಟರೆ ಸಾಮಾನು ಬಾಗಿಲಿಗೆ ಬಂದು ನಿಲ್ಲುವದು. ಮನೆಯೊಳಗೆ ಬರುವ ದಾರಿಗಳು ಹತ್ತಾದವು. ಹೊರಗೆ ಹೋಗುವ ದಾರಿಗಳಾದ ಕೌದಿ, ಕಲಾಯಿ, ತಿಪ್ಪೆಗಳು ಮುಚ್ಚಿದವು. ಕೆರೆಗೆ ಕೋಡಿಯಿಲ್ಲದಿದ್ದರೆ ಒಡ್ಡು ನಿಲ್ಲುವದೆ?

ಇನ್ನು ಎಲ್ಲರೂ ಬಲ್ಲ, ಆದರೆ ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣವನ್ನು ಹೇಳುವೆನು. ಅದು ಆಯೇರಿಯ ಪದ್ಧತಿಯು. ಲಗ್ನ, ಗೃಹಪ್ರವೇಶ, ಕುಬಸ, ತೊಟ್ಟಿಲು ಮುಂತಾದ ಕಾರ್ಯಗಳಲ್ಲಿ ಬಂಧುಗಳು ಒಬ್ಬರಿಗೊಬ್ಬರು ಸೀರೆ, ಖಣ, ಟೊಪ್ಪಿಗೆ, ಟವೆಲುಗಳನ್ನು ಕೊಡುವದು ಮೂಲದಲ್ಲಿ ಬಹು ಸುಂದರವಾದ ಆಚಾರವು. ಅರಿವೆಯು ದುರ್ಲಭವಾಗಿದ್ದ ಕಾಲದಲ್ಲಿ ಅದು ನಿಜವಾದ ಸಹಾಯವಾಗಿತ್ತು. ಈಗಲಾದರೋ ಅನೇಕ ಮನೆಗಳಲ್ಲಿ ಉಡುವದಕ್ಕೆಂದಲ್ಲ, ಕೊಡುವದಕ್ಕೆಂದೇ ನೇಯ್ದ ತೆಳುವಾದ ಸೀರೆಗಳು ಗಂಟುಕಟ್ಟಿ ಕುಳಿತಿರುವವು. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ದಾಟಿಸುವರು. ಯಾರು ಕೊಟ್ಟದ್ದು ಯಾರಿಗೆ ಹೋಗಬಾರದೆಂಬ ಲೆಕ್ಕವನ್ನು ಗೃಹಿಣಿಯು ತಲೆಯಲ್ಲಿ ಹೊತ್ತಿರಬೇಕು. ಹೆಸರು ಕೊರೆದ ಸ್ಟೀಲಿನ ಪಾತ್ರೆಗಳ ಗತಿಯೂ ಇದೇ. ಇವನ್ನು ಒಬ್ಬಳು ಬೇಡವೆಂದರೆ ಕೊಟ್ಟವರಿಗೆ ಅವಮಾನ. ತಾನು ಕೊಡದಿದ್ದರೆ ತನಗೆ ಅಪವಾದ. ಆದುದರಿಂದಲೇ ನಾನು ಪ್ರಾರಂಭದಲ್ಲಿ, ಇದು ಒಂದು ಮನೆಯಿಂದ ಆಗುವ ಕಾರ್ಯವಲ್ಲವೆಂದು ಹೇಳಿದೆನು.

ಸಾಮಾನು ಹೆಚ್ಚಿದರೆ ಹೆಚ್ಚಲಿ, ಅದರಿಂದೇನು ಕೇಡು ಎಂದು ಕೇಳುವವರುಂಟು. ಕೇಡು ಬಹುವಿಧವಾದದ್ದು. ಮೊದಲನೆಯದು ಶರೀರಕ್ಕೆ. ನಮ್ಮ ಸೀಮೆಯ ಬೇಸಿಗೆಯ ಬಿಸಿಲು ನಾಲ್ವತ್ತು ಡಿಗ್ರಿಯನ್ನು ಮೀರುವದು. ಇದ್ದ ಒಂದು ಕಿಡಕಿಗೆ ಅಡ್ಡವಾಗಿ ಅಲಮಾರು, ಅದರ ಮೇಲೆ ಸೂಟಕೇಸು, ಅದರ ಮೇಲೆ ಹಾಸಿಗೆಯ ಸುರುಳಿ ಏರಿದರೆ ಗಾಳಿಯು ಎಲ್ಲಿಂದ ಬರಬೇಕು? ವರ್ಷಗಟ್ಟಲೆ ಸರಿಸದ ರಾಶಿಯ ಕೆಳಗೆ ಇಲಿ ಸೇರುವದು. ಇಲಿಯ ಬೆನ್ನಿಗೆ ಹಾವು. ಕಟ್ಟಿಗೆ ಕಲ್ಲುಗಳ ಸಂದಿಯಲ್ಲಿ ಚೇಳು. ಮಾಳಿಗೆಯ ಮೇಲೆ ಎಸೆದಿಟ್ಟ ಒಡಕು ಬಕೀಟು, ಹಳೆಯ ಟಾಯರುಗಳಲ್ಲಿ ಮಳೆಯ ನೀರು ನಿಂತರೆ, ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಯು ವಾರ ಹತ್ತು ದಿನಗಳಲ್ಲಿಯೇ ಮೊಟ್ಟೆಯಿಂದ ರೆಕ್ಕೆ ಬಂದು ಹಾರುವದು. ಅದು ಹೊಲಸು ಗಟಾರಿಗಿಂತ ಇಂಥ ತಿಳಿನೀರನ್ನೇ ಮೆಚ್ಚುವದು. ಮುಂದೆಂದಾದರೂ ಬೇಕಾದೀತೆಂದು ಇಟ್ಟ ಒಡಕು ಪಾತ್ರೆಯು ಮನೆಯ ಮಗುವಿಗೆ ಜ್ವರವನ್ನು ತಂದರೆ, ಉಳಿತಾಯವಾದದ್ದೇನು?

ಎರಡನೆಯ ಕೇಡು ಒಕ್ಕಲಿಗರ ಮನೆಗಳಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ನಮ್ಮ ಜಿಲ್ಲೆಯು ತೊಗರಿಯ ಕಣಜವು. ತೊಗರಿಗೆ ಕಾಯಿಕೊರೆಯುವ ಹುಳ ಬೀಳುವದರಿಂದ ರೈತನು ಕ್ರಿಮಿನಾಶಕವನ್ನು ಸಿಂಪಡಿಸುವನು. ನಮ್ಮ ಜನರು ಇದಕ್ಕೆ ಎಣ್ಣೆ ಹೊಡೆಯುವದೆಂದೇ ಹೇಳುವರು. ಹೆಸರೂ ಎಣ್ಣೆ, ಇಡುವ ಸ್ಥಳವೂ ಅನೇಕ ಮನೆಗಳಲ್ಲಿ ಅಡಿಗೆಯ ಎಣ್ಣೆಯ ಮಗ್ಗುಲಲ್ಲಿಯೇ, ಇಲ್ಲವೆ ಜೋಳದ ಚೀಲಗಳ ಹಿಂದೆ. ಬರಿದಾದ ಡಬ್ಬಿಯು ಗಟ್ಟಿಯಾಗಿದೆಯೆಂದು ತೊಳೆದು ನೀರಿಗೋ ಕಾಳಿಗೋ ಬಳಸುವವರೂ ಉಂಟು. ಎಷ್ಟು ತೊಳೆದರೂ ಆ ಡಬ್ಬಿಯ ವಿಷವು ಪೂರ್ತಿ ಹೋಯಿತೆಂದು ನಂಬುವ ಹಾಗಿಲ್ಲ. ವಿಷದ ಔಷಧಕ್ಕೆ ಮನೆಯ ಹೊರಗೆ, ಮಕ್ಕಳ ಕೈಗೆ ನಿಲುಕದ ಎತ್ತರದಲ್ಲಿ, ಕೀಲಿಯ ಪೆಟ್ಟಿಗೆಯೊಂದು ಇರತಕ್ಕದ್ದು. ಬರಿದಾದ ಡಬ್ಬಿಯನ್ನು ಚುಚ್ಚಿ ತೂತುಮಾಡಿ ನಿರುಪಯೋಗಿಯಾಗಿಸತಕ್ಕದ್ದು. ಬೇರೇನನ್ನೂ ಮಾಡಲಾಗದ ರೈತಬಂಧುವು ಇದೊಂದನ್ನು ಮಾಡಿದರೂ ನನ್ನ ಮಾತು ಸಾರ್ಥಕವಾಯಿತು.

ಮೂರನೆಯದು ಕಣ್ಣಿಗೆ ಕಾಣದ ಕೇಡು. ಪ್ರತಿಯೊಂದು ವಸ್ತುವೂ ಯಾರೋ ಒಬ್ಬರ ದುಡಿತವನ್ನು ಬೇಡುವದು. ಅದನ್ನು ಒರಸಬೇಕು, ಸರಿಸಬೇಕು, ಹುಡುಕಬೇಕು, ಕಾಯಬೇಕು. ಆ ಯಾರೋ ಒಬ್ಬರು ಹೆಚ್ಚಾಗಿ ಮನೆಯ ಸೊಸೆಯೋ ತಾಯಿಯೋ ಆಗಿರುವರು. ತರುವವರು ಗಂಡಸರು, ತಿಕ್ಕುವವರು ಹೆಂಗಸರು ಎಂಬಂತಾದರೆ ಅದು ನ್ಯಾಯವಲ್ಲ. ಎರಡು ಕೋಣೆಯ ಮನೆಯಲ್ಲಿ ಒಂದನ್ನು ಸಾಮಾನು ಆಕ್ರಮಿಸಿಕೊಂಡರೆ, ಪರೀಕ್ಷೆಗೆ ಓದುವ ಹುಡುಗಿಯು ಪುಸ್ತಕವನ್ನು ಎಲ್ಲಿ ತೆರೆಯಬೇಕು? ಮೊಣಕಾಲು ನೋಯುವ ಮುದುಕನು ರಾತ್ರಿ ಬಚ್ಚಲಿಗೆ ಹೋಗುವಾಗ ಎಡವಿ ಬಿದ್ದರೆ ಆ ಎಲುಬು ಪುನಃ ಕೂಡುವದೆ? ಎರಡು ಮೊಳ ಬರಿದಾದ ನೆಲವೆಂಬುದು ಬಡವರ ಮನೆಯಲ್ಲಿ ಬಹು ಬೆಲೆಯುಳ್ಳ ಆಸ್ತಿಯು.

ನಾಲ್ಕನೆಯದಾಗಿ ಕಾಗದಪತ್ರಗಳ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ಸೀಮೆಯ ಇತಿಹಾಸವು ನಮ್ಮ ಪೆಟ್ಟಿಗೆಗಳಲ್ಲಿ ಕುಳಿತಿರುವದು. ೧೯೪೮ನೆಯ ಸೆಪ್ಟಂಬರದ ವರೆಗೆ ನಾವು ಹೈದರಾಬಾದ ಸಂಸ್ಥಾನದಲ್ಲಿದ್ದೆವು. ಆಡಳಿತದ ಭಾಷೆಯು ಉರ್ದುವಾಗಿತ್ತು. ೧೯೪೭-೪೮ರ ಗಲಭೆಯ ದಿವಸಗಳಲ್ಲಿ ಅನೇಕ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಗಡಿಯಾಚೆ ಸೊಲ್ಲಾಪುರ, ವಿಜಾಪುರಗಳ ಕಡೆಗೆ ಹೋಗಿದ್ದವು. ೧೯೫೬ನೆಯ ನವಂಬರ ೧ರಂದು ಈ ಭಾಗವು ಮೈಸೂರು ರಾಜ್ಯದಲ್ಲಿ ಸೇರಿತು. ೧೯೭೪ರ ಭೂಸುಧಾರಣೆಯ ತಿದ್ದುಪಡಿಯ ಮೇಲೆ ಗೇಣಿದಾರರು ಏಳನೆಯ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಕೊಟ್ಟರು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ರಾಜ್ಯದ ಸುಮಾರು ೬೭ ಲಕ್ಷ ಭೂಮಾಲಿಕರ ೨ ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಹೀಗೆ ಒಂದೇ ಹೊಲಕ್ಕೆ ಉರ್ದುವಿನಲ್ಲೊಂದು, ಕನ್ನಡದಲ್ಲೊಂದು, ಯಂತ್ರದಲ್ಲೊಂದು ಕಾಗದವಿರುವದು ಸಂಭವನೀಯವು. ಓದಲು ಬಾರದ ಉರ್ದು ಕಾಗದವನ್ನು ಮೊಮ್ಮಗನು ರದ್ದಿಗೆ ಹಾಕಿದ ಮೇಲೆ, ಮೂಲದಾಖಲೆಯನ್ನು ತರಬೇಕೆಂದು ನ್ಯಾಯಾಲಯವು ಕೇಳಿದರೆ ಮಾಡುವದೇನು?

ಆದುದರಿಂದ ಕಾಗದಗಳಲ್ಲಿ ಮೂರು ಪಾಲು ಮಾಡತಕ್ಕದ್ದು. ಎಂದೆಂದಿಗೂ ಇಡತಕ್ಕವುಗಳು: ಖರೀದಿಪತ್ರ, ವಾಟಣಿಪತ್ರ, ಮರಣಶಾಸನ, ನ್ಯಾಯಾಲಯ ಮತ್ತು ಭೂನ್ಯಾಯಮಂಡಳಿಯ ಹುಕುಮುಗಳು, ಹಕ್ಕು ಬದಲಾವಣೆಯ ದಾಖಲೆಗಳು, ಜನನ ಮರಣದ ಪ್ರಮಾಣಪತ್ರಗಳು, ಶಾಲೆಯ ದಾಖಲೆಗಳು, ನೌಕರಿ ಮತ್ತು ಪಿಂಚಣಿಯ ಪತ್ರಗಳು. ಕೆಲವು ವರ್ಷ ಇಡತಕ್ಕವುಗಳು: ತೆರಿಗೆಯ, ಸಾಲದ, ವಿಮೆಯ ಪಾವತಿಗಳು. ಕೆಲಸ ಮುಗಿದೊಡನೆ ಬಿಡತಕ್ಕವುಗಳು: ಅಂಗಡಿಯ ಚೀಟಿಗಳು, ತೀರಿಹೋದ ಜಾಹೀರಾತುಗಳು, ಹತ್ತು ವರ್ಷದ ಹಿಂದಿನ ಲಗ್ನಪತ್ರಿಕೆಗಳು. ಮೊದಲನೆಯ ಪಾಲನ್ನು ನೀರು ಸೋಂಕದ ಒಂದೇ ಚೀಲದಲ್ಲಿಟ್ಟು, ಅದೆಲ್ಲಿದೆಯೆಂಬುದನ್ನು ಗಂಡನಂತೆ ಹೆಂಡತಿಯೂ ತಿಳಿದಿರಬೇಕು. ಯಜಮಾನನು ತೀರಿಕೊಂಡ ಮೇಲೆ ವಿಧವೆಯು ಪಿಂಚಣಿಯ ಕಾಗದಕ್ಕಾಗಿ ಕಂಡಕಂಡವರ ಮುಂದೆ ನಿಲ್ಲಬೇಕಾಗುವದು ಎಷ್ಟೋ ಸಾರೆ ಬಡತನದಿಂದಲ್ಲ, ಅವ್ಯವಸ್ಥೆಯಿಂದ. ೧೯೦೮ರ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಿದ ಪತ್ರವು ಕಳೆದರೆ ಉಪನೋಂದಣಾಧಿಕಾರಿಯ ಕಚೇರಿಯಿಂದ ದೃಢೀಕೃತ ನಕಲು ದೊರೆಯುವದು. ಆದರೆ ಹುಡುಕಲು ಪತ್ರದ ಸಂಖ್ಯೆ, ವರ್ಷಗಳು ಗೊತ್ತಿದ್ದರೆ ಮಾತ್ರ ಸುಲಭವು. ಅವುಗಳನ್ನು ಬೇರೆ ವಹಿಯಲ್ಲಿ ಬರೆದಿಡಿರಿ.

೨೦೨೦ನೆಯ ಅಕ್ಟೋಬರದಲ್ಲಿ ಭೀಮಾ ನದಿಯು ಉಕ್ಕಿ ಬಂದಾಗ ನಮ್ಮ ಜಿಲ್ಲೆಯ ತೀರದ ಗ್ರಾಮಗಳ ಜನರು ಮನೆಗಳನ್ನು ಬಿಟ್ಟು ಪರಿಹಾರಕೇಂದ್ರಗಳನ್ನು ಸೇರಬೇಕಾಯಿತು. ಅಂಥ ಗಳಿಗೆಯಲ್ಲಿ ಮನುಷ್ಯನ ಕೈಗಳು ಎರಡೇ. ಮಗುವನ್ನೆತ್ತಿದ ಮೇಲೆ ಒಂದೇ ಉಳಿಯುವದು. ಆ ಒಂದು ಕೈಯಲ್ಲಿ ಏನನ್ನು ಹಿಡಿದುಕೊಳ್ಳಬೇಕು? ಈ ಪ್ರಶ್ನೆಯನ್ನು ನೀರು ಬರುವದಕ್ಕಿಂತ ಮೊದಲೇ, ಶಾಂತವಾಗಿ ಕುಳಿತು ಕೇಳಿಕೊಳ್ಳುವದಕ್ಕೆ ನಾನು ವಸ್ತುವಿವೇಕವೆಂದು ಹೆಸರಿಡುವೆನು.

ಬಿಡಬೇಕೆಂದೊಡನೆ ಕಣ್ಣುಮುಚ್ಚಿ ಬಿಸಾಡುವದೂ ವಿವೇಕವಲ್ಲ. ಇದಕ್ಕೆ ನಮ್ಮ ಸಮಾಜದ ಇತಿಹಾಸವೇ ಸಾಕ್ಷಿಯಾಗಿರುವದು. ವಿಜಾಪುರದ ವಕೀಲರಾದ ಡಾ. ಫ. ಗು. ಹಳಕಟ್ಟಿಯವರು (೧೮೮೦-೧೯೬೪) ಮನೆಮನೆಗಳಲ್ಲಿ, ಮಠಮಠಗಳಲ್ಲಿ ಅರಿವೆಯಲ್ಲಿ ಸುತ್ತಿ ಇಟ್ಟಿದ್ದ ತಾಡೋಲೆಯ ಕಟ್ಟುಗಳನ್ನು ಹುಡುಕುತ್ತ ಹೊರಟರು. ಒಳಗೇನಿದೆಯೆಂದು ಬಿಚ್ಚಿ ನೋಡದೆ ಕೇವಲ ಪೂಜೆಗಿಟ್ಟ ಕಟ್ಟುಗಳೂ ಅವುಗಳಲ್ಲಿದ್ದವು. ಅವುಗಳೊಳಗಿಂದ ಹೊರಬಂದದ್ದು ಶರಣರ ವಚನವಾಙ್ಮಯವು. ೧೯೨೩ರಲ್ಲಿ ಅವರ ‘ವಚನಶಾಸ್ತ್ರಸಾರ’ವು ಪ್ರಕಟವಾಯಿತು, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವು ಸ್ಥಾಪಿತವಾಯಿತು. ಆ ಕಟ್ಟುಗಳನ್ನು ಯಾರಾದರೂ ಹಳೆಯ ಎಲೆಗಳೆಂದು ಒಲೆಗೆ ಹಾಕಿದ್ದರೆ ನಾವು ಎಂಥ ಬಡವರಾಗುತ್ತಿದ್ದೆವು! ಹಾಗೆಯೇ ಅವುಗಳನ್ನು ಎಂದಿಗೂ ಬಿಚ್ಚದೆ ಅಟ್ಟದಲ್ಲಿಯೇ ಬಿಟ್ಟಿದ್ದರೂ ಗೆದ್ದಲು ಅದೇ ಕೆಲಸವನ್ನು ಮಾಡುತ್ತಿದ್ದಿತು. ಒಗೆಯುವವನೂ ನೋಡಲಿಲ್ಲ, ಕೂಡಿಡುವವನೂ ನೋಡಲಿಲ್ಲವೆಂದರೆ ಫಲವು ಒಂದೇ. ನೋಡುವದೇ ಮುಖ್ಯವು. ಈಗಲೂ ತಮ್ಮ ಮನೆಗಳಲ್ಲಿ ತಾಡೋಲೆ, ಹಳೆಯ ಕೈಬರಹದ ವಹಿ, ಹಳೆಯ ಪತ್ರಗಳು ದೊರೆತರೆ, ಬಲ್ಲವರಿಗೆ ತೋರಿಸದೆ ಏನನ್ನೂ ಮಾಡಕೂಡದು. ೧೯೮೦ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯವು ನಮ್ಮ ಮಗ್ಗುಲಲ್ಲಿಯೇ ಇರುವದು. ಅಲ್ಲಿಯ ಕನ್ನಡ ವಿದ್ವಾಂಸರನ್ನು ಕೇಳಬಹುದು.

ಹೆಚ್ಚಾದದ್ದನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಕಲಬುರಗಿಯಿಂದ ಕಮಲಾಪುರದ ಮೇಲೆ ಹಾದು ಹುಮನಾಬಾದಿಗೆ ಹೋಗುವ ದಾರಿಯೇ ಮುಂದೆ ಕಲ್ಯಾಣಕ್ಕೆ ಮುಟ್ಟಿಸುವದು. ಆ ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ಜೀವಿಸುತ್ತಿದ್ದ ಮಾರಯ್ಯನ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಒಂದು ದಿವಸ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಪತ್ನಿಯಾದ ಲಕ್ಕಮ್ಮನು ಅದನ್ನು ನೋಡಿ, ನಮಗೆ ಬೇಕಾದದ್ದು ಇಷ್ಟಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಚೆಲ್ಲಿ ಬನ್ನಿರೆಂದು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ನಾವು ನಿರಾಶೆಯ, ಅಂದರೆ ಆಶೆಯಿಲ್ಲದಿರುವಿಕೆಯ, ದೃಷ್ಟಾಂತವಾಗಿ ಹೇಳುತ್ತಿರುವೆವು. ಗೃಹಕೃತ್ಯದ ದೃಷ್ಟಿಯಿಂದಲೂ ಅದನ್ನು ನೋಡಬಹುದು. ಲಕ್ಕಮ್ಮನಿಗೆ ತನ್ನ ಮನೆಗೆ ದಿನಕ್ಕೆಷ್ಟು ಬೇಕೆಂಬ ಅಳತೆಯು ನಿಖರವಾಗಿ ಗೊತ್ತಿದ್ದಿತು. ಹೆಚ್ಚಾದದ್ದನ್ನು ಆಕೆ ಬಾಗಿಲಲ್ಲಿಯೇ ಗುರುತಿಸಿದಳು. ಒಳಗೆ ಸೇರಿಸಿ, ಗಡಿಗೆಯಲ್ಲಿ ತುಂಬಿ, ಆ ಮೇಲೆ ಯೋಚಿಸಲಿಲ್ಲ. ಬಾಗಿಲಲ್ಲಿ ತಡೆಯುವದು ಒಂದು ಮಾತಿನ ಕೆಲಸ. ಒಳಗೆ ಬಂದದ್ದನ್ನು ಹೊರಹಾಕುವದು ಒಂದು ವರ್ಷದ ಕೆಲಸ.

ಹಾಗಾದರೆ ಕೂಡಿಡುವದೇ ತಪ್ಪೆ? ಅಲ್ಲ. ಕಲಬುರಗಿಯ ಶ್ರೀ ಶರಣಬಸವೇಶ್ವರರು (೧೭೪೬-೧೮೨೨) ದಾಸೋಹವನ್ನು ನಡೆಸಿದರು. ಬಂದವರಿಗೆಲ್ಲ ಅನ್ನವಿಕ್ಕುವ ಮನೆಯಲ್ಲಿ ಉಗ್ರಾಣವು ತುಂಬಿರಲೇಬೇಕು. ಆದರೆ ಆ ಉಗ್ರಾಣದ ಧಾನ್ಯವು ಹರಿಯುವ ಧಾನ್ಯವು: ಒಂದು ಬಾಗಿಲಿನಿಂದ ಬಂದು ಇನ್ನೊಂದು ಬಾಗಿಲಿನಿಂದ ಹಸಿದವನ ಕಡೆಗೆ ಹೋಗುವದು. ಯಾರಿಗಾಗಿ, ಯಾವಾಗಿಗಾಗಿ ಎಂಬುದನ್ನು ಬಲ್ಲ ಸಂಗ್ರಹವು ಸಂಪತ್ತು. ಅದನ್ನರಿಯದ ಸಂಗ್ರಹವು ರಾಶಿ.

ಕಮಲಾಪುರದ ಬಂಧುಗಳು ಈ ತತ್ತ್ವವನ್ನು ತಮ್ಮ ತೋಟಗಳಲ್ಲಿ ದಿನಾಲು ಆಚರಿಸುತ್ತಿರುವರು. ಅವರ ಕೆಂಪು ಬಾಳೆಯು ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದು ನಾಡಿಗೆಲ್ಲ ಪ್ರಸಿದ್ಧವಾಗಿರುವದು. ಬಾಳೆಯ ಬುಡದಲ್ಲಿ ಕಂದುಗಳು ಒಂದರ ಮೇಲೊಂದು ಏಳುವವು. ಎಲ್ಲವೂ ಹಸಿರಾಗಿ ಚೆಲುವಾಗಿಯೇ ಇರುವವು, ಯಾವದೂ ಕೆಟ್ಟದ್ದಲ್ಲ. ಆದರೂ ಬಲ್ಲ ತೋಟಿಗನು ಮುಂದಿನ ಬೆಳೆಗೆ ಬೇಕಾದದ್ದನ್ನು ಉಳಿಸಿ, ಮಿಕ್ಕವನ್ನು ಕಾಲಕಾಲಕ್ಕೆ ಕಡಿದುಹಾಕುವನು. ಎಲ್ಲವನ್ನೂ ಬಿಟ್ಟರೆ ತಾಯಗಿಡದ ಸಾರವು ಹಂಚಿಹೋಗಿ ಗೊನೆಯು ಸಣ್ಣಾಗುವದು. ಮನೆಯಲ್ಲಿಯೂ ನಾವು ಬಿಡಬೇಕಾದ ವಸ್ತುಗಳು ಕೆಟ್ಟವೇ ಆಗಿರಬೇಕೆಂದಿಲ್ಲ. ಕೆಟ್ಟಿಲ್ಲವಲ್ಲಾ ಎಂಬ ಕಾರಣದಿಂದಲೇ ನಾವು ಹೆಚ್ಚಿನವನ್ನು ಇಟ್ಟುಕೊಂಡಿರುವೆವು. ನಮ್ಮ ಮನೆಯ ಗೊನೆಗೆ ಇದು ಬೇಕೆ ಎಂಬುದೇ ಕೇಳತಕ್ಕ ಪ್ರಶ್ನೆಯು.

ಈ ಚಿಂತೆಯು ನಮ್ಮೊಬ್ಬರದೇ ಅಲ್ಲ. ಜಪಾನ ದೇಶದ ಮೇರಿ ಕೊಂಡೊ ಎಂಬ ಮಹಿಳೆಯು ಮನೆಯನ್ನು ಅಣಿಗೊಳಿಸುವ ವಿಷಯವಾಗಿ ಬರೆದ ಪುಸ್ತಕವು ೨೦೧೧ರಿಂದ ಈಚೆಗೆ ಅನೇಕ ಭಾಷೆಗಳಲ್ಲಿ ಹರಡಿತು. ಕೋಣೆಕೋಣೆಯಾಗಿ ಹೋಗದೆ, ಒಂದು ಜಾತಿಯ ವಸ್ತುಗಳನ್ನೆಲ್ಲ ಮೊದಲು ಒಂದೇ ಕಡೆಗೆ ರಾಶಿ ಹಾಕಿ ನೋಡಬೇಕೆಂಬುದು ಆಕೆಯ ಮುಖ್ಯವಾದ ಸೂಚನೆಯು. ಹದಿನೆಂಟು ಚಾದರಗಳು ನಾಲ್ಕು ಕಡೆಗೆ ಇದ್ದಾಗ ಕೆಲವೇ ಎನಿಸುವವು. ಒಂದೆಡೆ ಬಿದ್ದಾಗ ಅವುಗಳ ಸಂಖ್ಯೆಯು ತಾನೇ ಮಾತನಾಡುವದು. ಸ್ವೀಡನ್ ದೇಶದಲ್ಲಿ ವೃದ್ಧರು, ತಾವು ತೀರಿದ ಮೇಲೆ ಮಕ್ಕಳಿಗೆ ಭಾರವಾಗಬಾರದೆಂದು, ತಮ್ಮ ವಸ್ತುಗಳನ್ನು ಬದುಕಿರುವಾಗಲೇ ವಿಲೇವಾರಿ ಮಾಡುವ ಪದ್ಧತಿಯುಂಟು. ಮಾರ್ಗರೆಟಾ ಮ್ಯಾಗ್ನುಸನ್ ಎಂಬ ವೃದ್ಧೆಯು ೨೦೧೭ರಲ್ಲಿ ಅದನ್ನು ಕುರಿತು ಪುಸ್ತಕ ಬರೆದಳು. ನಮ್ಮಲ್ಲಿ ಇಂಥ ಮಾತನ್ನಾಡಿದರೆ ಅಪಶಕುನವೆನ್ನುವರು. ಆದರೆ ಹಿರಿಯಳು ತನ್ನ ಕೈಯಾರೆ ಮಗಳಿಗೊಂದು, ಸೊಸೆಗೊಂದು, ಮೊಮ್ಮಗಳಿಗೊಂದು ಎಂದು ವಿಂಗಡಿಸಿ, ಪ್ರತಿಯೊಂದರ ಕಥೆಯನ್ನು ಹೇಳಿ ಕೊಟ್ಟರೆ ಅದು ಮಂಗಲವೇ ಆಗಿರುವದು. ಆಕೆಯ ಹಿಂದಿನಿಂದ ಮಕ್ಕಳು ಒಂದು ಹಂಡೆಗಾಗಿ ವಾದಿಸಿ ಒಬ್ಬರ ಮುಖ ಒಬ್ಬರು ನೋಡದಂತಾಗುವದೇ ಅಮಂಗಲವು.

ಇನ್ನು ಕ್ರಮವನ್ನು ಹೇಳುವೆನು. ಮೊದಲು ಬಿಡುವದು, ಆ ಮೇಲೆ ಜೋಡಿಸುವದು. ಇದನ್ನು ತಿರುವುಮುರುವು ಮಾಡಿ ಮೊದಲೇ ಹೊಸ ಅಲಮಾರನ್ನು ಕೊಂಡುತಂದರೆ ಅದೂ ಒಂದು ಸಾಮಾನಾಗಿ ಕೂಡ್ರುವದು. ಸುಲಭದಿಂದ ಕಠಿಣಕ್ಕೆ ಹೋಗತಕ್ಕದ್ದು: ಮೊದಲು ಅಡಿಗೆಮನೆಯ ಡಬ್ಬಿಗಳು, ಅನಂತರ ಅರಿವೆಗಳು, ಅನಂತರ ಪಾತ್ರೆಗಳು, ಅನಂತರ ಕಾಗದಗಳು, ತೀರಿಹೋದವರ ನೆನಪಿನ ವಸ್ತುಗಳನ್ನು ಎಲ್ಲಕ್ಕೂ ಕಡೆಗೆ. ವಾರಕ್ಕೆ ಒಂದೇ ಪಾಲು ಸಾಕು. ಪ್ರತಿಯೊಂದು ಪಾಲನ್ನು ನಾಲ್ಕು ರಾಶಿ ಮಾಡಿರಿ: ಇಡತಕ್ಕದ್ದು, ಕೊಡತಕ್ಕದ್ದು, ದುರಸ್ತಿ ಮಾಡಿಸತಕ್ಕದ್ದು, ಕಸಕ್ಕೆ ಹೋಗತಕ್ಕದ್ದು. ದುರಸ್ತಿಯ ರಾಶಿಗೆ ಒಂದು ತಿಂಗಳ ವಾಯಿದೆಯಿರಲಿ. ತಿಂಗಳೊಳಗೆ ದುರಸ್ತಿಯಾಗದಿದ್ದರೆ ಅದು ಆಗತಕ್ಕದ್ದಲ್ಲವೆಂದು ತಿಳಿಯಿರಿ. ಇನ್ನೊಬ್ಬರ ವಸ್ತುವನ್ನು ಅವರನ್ನು ಕೇಳದೆ ಮುಟ್ಟಕೂಡದು. ಅತ್ತೆಯ ಟ್ರಂಕನ್ನು ಸೊಸೆಯೂ, ಮಗನ ಪುಸ್ತಕಗಳನ್ನು ತಂದೆಯೂ ಹೇಳದೆ ಖಾಲಿಮಾಡಿದರೆ ಮನೆಯು ಶುದ್ಧವಾಗಬಹುದು, ಮನಸ್ಸು ಕೆಡುವದು.

ಉಳಿದದ್ದಕ್ಕೆ ಸ್ಥಾನ ಗೊತ್ತುಮಾಡುವಾಗ ಹಳೆಯ ಗೌಂಡಿಯ ಬುದ್ಧಿಯನ್ನೇ ಅನುಸರಿಸಬೇಕು. ದಿನಾಲು ಬೇಕಾದದ್ದು ಸೊಂಟಕ್ಕೂ ಕಣ್ಣಿಗೂ ನಡುವಿನ ಎತ್ತರದಲ್ಲಿ. ವಾರಕ್ಕೊಮ್ಮೆ ಬೇಕಾದದ್ದು ಅದರ ಕೆಳಗೆ. ಹಬ್ಬಕ್ಕೊಮ್ಮೆ ಬೇಕಾದದ್ದು ಅಟ್ಟದಲ್ಲಿ. ಭಾರವಾದದ್ದು ನೆಲದ ಸಮೀಪದಲ್ಲಿ. ತೊಗರಿ, ಜೋಳ ಮುಂತಾದ ಕಾಳುಗಳನ್ನು ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ, ತಣ್ಣಗಾದ ಮೇಲೆ ಒಣಗಿದ ಬೇವಿನೆಲೆಯೊಡನೆ ತುಂಬಿ, ಡಬ್ಬಿಯ ಮೇಲೆ ತುಂಬಿದ ತಿಂಗಳನ್ನು ಬರೆಯತಕ್ಕದ್ದು. ಹಳೆಯದನ್ನು ಮೊದಲು ತೆಗೆಯತಕ್ಕದ್ದು. ಬಾಗಿಲ ದಾರಿ, ಕಿಡಕಿ, ವಿದ್ಯುತ್ತಿನ ಬೋರ್ಡು, ಅಡಿಗೆಯ ಗ್ಯಾಸಿನ ಸುತ್ತಮುತ್ತಲಿನ ಸ್ಥಳ ಇವು ನಾಲ್ಕೂ ಯಾವಾಗಲೂ ಬರಿದಾಗಿರಬೇಕು.

ಕೊಡುವ ರಾಶಿಯ ಬಗ್ಗೆ ಒಂದು ಎಚ್ಚರಿಕೆ. ನಮಗೆ ಬೇಡವಾದ ಹೊಲಸನ್ನು ಬಡವರ ಮನೆಗೆ ದಾಟಿಸುವದು ದಾನವಲ್ಲ. ಒಗೆದು, ಗುಂಡಿ ಹಚ್ಚಿ, ಮಡಚಿ, ನಮ್ಮ ಸ್ವಂತ ತಂಗಿಗೆ ಕೊಡಬಹುದಾದಂತೆ ಇದ್ದರೆ ಮಾತ್ರ ಕೊಡತಕ್ಕದ್ದು. ತೆಗೆದುಕೊಳ್ಳುವವರಿಗೆ ಬೇಕೆ ಎಂದು ಮೊದಲು ಕೇಳತಕ್ಕದ್ದು. ಇನ್ನು ಕಸದ ರಾಶಿ. ೨೦೧೬ರ ಘನತ್ಯಾಜ್ಯದ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದವು. ಅಂಗಳವಿದ್ದವರು ಹಸಿ ಕಸಕ್ಕೆ ತಿಪ್ಪೆಯ ಗುಂಡಿಯನ್ನು ಪುನಃ ತೋಡಲಿ. ಕೆಟ್ಟ ಬಲ್ಬು, ಬ್ಯಾಟರಿ, ಅವಧಿ ಮೀರಿದ ಔಷಧಗಳನ್ನು ಬೇರೆಯಾಗಿಡಿರಿ. ಪ್ಲಾಸ್ಟಿಕ್ಕನ್ನು ಒಲೆಯಲ್ಲಿಯೂ ಅಂಗಳದಲ್ಲಿಯೂ ಸುಡಬಾರದು; ಅದರ ಹೊಗೆಯು ಮೊದಲು ಸೇರುವದು ನಮ್ಮ ಮಕ್ಕಳ ಎದೆಯನ್ನೇ.

ಕಡೆಯದಾಗಿ, ಒಂದು ಮನೆಯಿಂದಾಗದ ಕಾರ್ಯಕ್ಕೆ ಬರುವೆನು. ಪೂಜ್ಯರ ಸನ್ನಿಧಿಯಲ್ಲಿ ಮೂರು ಬಿನ್ನಹಗಳು. ಒಂದು: ಶ್ರೀಮಠದ ಭಕ್ತರ ಮನೆಗಳಲ್ಲಿ ನಡೆಯುವ ಕಾರ್ಯಗಳಲ್ಲಿ ಆಯೇರಿಯ ಕೊಡುಕೊಳ್ಳುವಿಕೆಯನ್ನು ತೀರ ಸಮೀಪದ ರಕ್ತಸಂಬಂಧಿಗಳಿಗೆ ಮಿತಗೊಳಿಸಬೇಕು; ಉಳಿದವರು ಬೇಕಾದರೆ ಆ ಹಣವನ್ನು ವಿದ್ಯಾರ್ಥಿಗಳ ಪುಸ್ತಕಕ್ಕೋ ದಾಸೋಹದ 쌀ಕ್ಕಿಗೋ ಕೊಡಲಿ. ಹಿರಿಯರು ಕೂಡಿ ಹೇಳಿದರೆ ಕೊಡದವರಿಗೆ ಅಪವಾದವಿಲ್ಲ, ತೆಗೆದುಕೊಳ್ಳದವರಿಗೆ ಗರ್ವದ ದೋಷವಿಲ್ಲ. ಎರಡು: ಸಭೆಗಳಲ್ಲಿ ಹೊದಿಸುವ ಶಾಲು, ಕೊಡುವ ಸ್ಮರಣಿಕೆಗಳನ್ನು ನಾವು ಕಡಿಮೆಮಾಡಬೇಕು. ಸನ್ಮಾನಿತರ ಮನೆಗಳಲ್ಲಿ ಶಾಲುಗಳು ಕಟ್ಟುಕಟ್ಟಾಗಿ ಬಿದ್ದಿರುವಾಗ, ಚಳಿಯಲ್ಲಿ ಮಲಗುವವರು ಬಸ್ ನಿಲ್ದಾಣದಲ್ಲಿರುವರು. ಮೂರು: ಪ್ರತಿ ವರ್ಷ ಮಹಾನವಮಿಯ ಪೂರ್ವದ ಒಂದು ದಿವಸವನ್ನು ಕಾಗದಪತ್ರಗಳಿಗಾಗಿ ಮೀಸಲಿಟ್ಟು, ಉರ್ದು ಬಲ್ಲವರು, ಕಾಯಿದೆ ಬಲ್ಲವರು ಮಠದಲ್ಲಿ ಕುಳಿತು, ಬಂದವರ ಹಳೆಯ ಪತ್ರಗಳನ್ನು ಓದಿ ಹೇಳುವ ಏರ್ಪಾಡಾಗಬೇಕು. ಇದಕ್ಕೆ ಹಣವು ಬೇಕಾಗಿಲ್ಲ. ನಾಲ್ಕು ಜನರ ಒಂದು ದಿವಸದ ಕಾಯಕವು ಸಾಕು.

ತಾಯಂದಿರೆ, ಮಹಾಶಯರೆ, ಹೊತ್ತು ಬಹಳವಾಯಿತು. ದೊಡ್ಡ ಪ್ರತಿಜ್ಞೆಗಳನ್ನು ಮಾಡಿರೆಂದು ನಾನು ಕೇಳುವದಿಲ್ಲ. ಈ ವಾರದಲ್ಲಿ ವಿಷದ ಡಬ್ಬಿಯು ಅಡಿಗೆಮನೆಯಿಂದ ಹೊರಗೆ ಹೋಗಲಿ. ಮುಖ್ಯವಾದ ಕಾಗದಗಳು ಒಂದು ಚೀಲದಲ್ಲಿ ಸೇರಲಿ. ಒಂದು ಕಿಡಕಿಯ ಮುಂದಿನ ಅಡ್ಡಿಯು ಸರಿದು ಒಳಗೆ ಗಾಳಿ ಬರಲಿ. ಮಿಕ್ಕದ್ದು ತಾನಾಗಿಯೇ ತೋರುವದು.